ಹದಿನಾರನೇ ವಾರದ ರಕ್ತಪರೀಕ್ಷೆ ಮತ್ತು ಅದರ ನಂತರದ ದಿನಗಳು

ಗರ್ಭಿಣಿಯ ತೋಳಿನಿಂದ ಹದಿನಾರನೇ ವಾರದ ಆಸುಪಾಸಿನಲ್ಲಿ ತೆಗೆಯುವ ರಕ್ತದಲ್ಲಿ ಮಗುವಿನ ಪಾಲೂ ಒಂದಿಷ್ಟು ಇರುತ್ತದೆ. ಭ್ರೂಣದ ಯಕೃತ್ತು ತಯಾರಿಸುವ ಆಲ್ಫಾ ಫೀಟೋಪ್ರೋಟೀನ್ ಎಂಬ ಪ್ರೋಟೀನು ಮಗುವಿನ ಮೂತ್ರದ ಜೊತೆ ಗರ್ಭಜಲಕ್ಕೆ ಸೇರುತ್ತದೆ. ಅಲ್ಲಿಂದಲೂ ಮಾಸಿನ ಮೂಲಕವೂ ಅದರ ಅತ್ಯಲ್ಪ ಭಾಗ ತಾಯಿಯ ರಕ್ತವನ್ನು ತಲುಪುತ್ತದೆ. ಮಗುವಿನ ಬೆನ್ನುಮೂಳೆ ಒಂದು ಕಡೆ ಮುಚ್ಚಿಕೊಳ್ಳದೆ, ಮೇಲೆ ಚರ್ಮವೂ ಬೆಳೆಯದೆ ಉಳಿದುಬಿಟ್ಟಿದ್ದರೆ ಆ ತೆರಪಿನಿಂದ ಈ ಪ್ರೋಟೀನು ಹೆಚ್ಚಾಗಿ ಸೋರುತ್ತದೆ, ತಾಯಿಯ ರಕ್ತದಲ್ಲಿಯೂ ಅದರ ಮಟ್ಟ ಏರುತ್ತದೆ. ಸ್ಪೈನಾ ಬೈಫಿಡಾ ಎಂಬ ಈ ದೋಷದ ಪತ್ತೆಗಾಗಿ ಮಾಡುವ ರಕ್ತಪರೀಕ್ಷೆ ನಿಂತಿರುವುದು ಇಷ್ಟರ ಮೇಲೆ. 1972ರಲ್ಲಿ ಎಡಿನ್‌ಬರೋದ ಡೇವಿಡ್ ಬ್ರಾಕ್ ಮತ್ತು ರೋಜರ್ ಸಟ್‌ಕ್ಲಿಫ್ ಎಂಬ ಇಬ್ಬರು ವಿಜ್ಞಾನಿಗಳು ಇಂಥ ಗರ್ಭಗಳ ದ್ರವದಲ್ಲಿ ಈ ಪ್ರೋಟೀನು ಅತಿಯಾಗಿರುವುದನ್ನು ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ, ಹೊಟ್ಟೆಗೆ ಸೂಜಿ ಚುಚ್ಚದೆ, ತಾಯಿಯ ರಕ್ತದಿಂದಲೇ ಅಂದಾಜು ಮಾಡುವ ಪದ್ಧತಿ ಬಂದಿತು.

ನನ್ನ ತಂಗಿಯ ಮೊದಲ ಬಸಿರಿನಲ್ಲಿ ಈ ಪರೀಕ್ಷೆಯ ಫಲಿತಾಂಶ ಮೊಬೈಲಿಗೆ ಒಂದು ಕಡತವಾಗಿ ಬಂದಿತ್ತು. ಮೇಲ್ಭಾಗದಲ್ಲಿ ದಪ್ಪ ಕೆಂಪು ಅಕ್ಷರಗಳಲ್ಲಿ ‘ಹೈ ರಿಸ್ಕ್’ ಎಂದಿತ್ತು. ಕೆಳಗೆ ಒಂದು ಕೋಷ್ಟಕ, ಅದರಲ್ಲಿ 3.1 ಎಂಬ ಸಂಖ್ಯೆ, ಅದರ ಪಕ್ಕದಲ್ಲಿ ಎಂಒಎಂ ಎಂಬ ಮೂರಕ್ಷರ. ಇವು ಏನೆಂದು ಹೇಳುವವರು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಪ್ರಯೋಗಾಲಯ ತನ್ನ ಕೆಲಸ ಮುಗಿಸಿತ್ತು, ವೈದ್ಯರನ್ನು ಕಾಣುವುದಕ್ಕೆ ಇನ್ನೂ ಸಮಯವಿತ್ತು. ರಕ್ತ ಕೊಡುವಾಗ ‘ಇದೊಂದು ಮಾಮೂಲಿ ಪರೀಕ್ಷೆ’ ಎಂದಷ್ಟೇ ಅವಳಿಗೆ ಹೇಳಿದ್ದರು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇದರ ಬಗ್ಗೆಯೇ: ಈ ತಪಾಸಣೆ ಒಳ್ಳೆಯದು, ಮಾಡಿಸಿಕೊಳ್ಳುವುದಕ್ಕೆ ಯೋಗ್ಯವಾದದ್ದು, ಆದರೆ ಅದು ಯಾವ ಪ್ರಶ್ನೆಯನ್ನು ಕೇಳುತ್ತದೆ ಮತ್ತು ಯಾವ ಬಗೆಯ ಉತ್ತರ ಕೊಡಬಲ್ಲದು ಎಂಬುದನ್ನು ರಕ್ತ ತೆಗೆಯುವ ಮುನ್ನವೇ ತಾಯಿಗೆ ತಿಳಿಸದಿದ್ದರೆ ಅದರ ಅರ್ಧ ಪ್ರಯೋಜನ ಅಲ್ಲಿಯೇ ಹೋಗುತ್ತದೆ.

ಮೊದಲು ಆ ಸಂಖ್ಯೆಯ ವಿಚಾರ. ತಾಯಿಯ ರಕ್ತದಲ್ಲಿ ಈ ಪ್ರೋಟೀನಿನ ಮಟ್ಟ ಹದಿನೈದರಿಂದ ಇಪ್ಪತ್ತನೇ ವಾರದವರೆಗೆ ವಾರಕ್ಕೆ ಸುಮಾರು ಶೇ. 15ರಷ್ಟು ತಾನಾಗಿಯೇ ಏರುತ್ತಾ ಹೋಗುತ್ತದೆ. ಆದ್ದರಿಂದ ಬರಿಯ ಪ್ರಮಾಣವನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ವಾರದಲ್ಲಿರುವ ಗರ್ಭಿಣಿಯರ ಮಟ್ಟಗಳನ್ನೆಲ್ಲ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಮೌಲ್ಯ ಯಾವುದೋ ಅದರ ಎಷ್ಟು ಪಟ್ಟು ಈಕೆಯದು ಎಂದು ಲೆಕ್ಕ ಹಾಕುತ್ತಾರೆ. ಎಂಒಎಂ ಎಂದರೆ ಅದು. ಸಾಮಾನ್ಯವಾಗಿ 2 ಅಥವಾ 2.5 ಪಟ್ಟನ್ನು ಗಡಿ ಎಂದು ಇಟ್ಟುಕೊಂಡಿರುತ್ತಾರೆ. ಗಡಿ ದಾಟಿದವರನ್ನು ಮುಂದಿನ ಪರೀಕ್ಷೆಗೆ ಕರೆಯುತ್ತಾರೆ, ಅಷ್ಟೇ. ದಿನಗಳ ಲೆಕ್ಕ ತಪ್ಪಿದ್ದರೆ ಈ ಸಂಖ್ಯೆಯೂ ತಪ್ಪುತ್ತದೆ. ಹದಿನಾರು ವಾರವೆಂದು ಬರೆದುಕೊಟ್ಟ ಗರ್ಭ ನಿಜವಾಗಿ ಹದಿನೆಂಟು ವಾರದ್ದಾಗಿದ್ದರೆ ಎರಡು ಪಟ್ಟು ಎಂದು ಕಾಣಿಸಿದ್ದು ಸರಿಯಾದ ಲೆಕ್ಕದಲ್ಲಿ ಒಂದೂವರೆ ಪಟ್ಟಿಗೆ ಇಳಿಯುತ್ತದೆ, ಗಾಬರಿಯೂ ಅಲ್ಲಿಗೆ ಮುಗಿಯುತ್ತದೆ. ಅವಳಿ ಮಕ್ಕಳಿದ್ದರೆ ಮಟ್ಟ ಸಹಜವಾಗಿಯೇ ಹೆಚ್ಚು. ತಾಯಿಯ ತೂಕ ಹೆಚ್ಚಿದ್ದರೆ ರಕ್ತದ ಪ್ರಮಾಣವೂ ಹೆಚ್ಚಿರುವುದರಿಂದ ಪ್ರೋಟೀನು ತೆಳುವಾಗಿ ಮಟ್ಟ ಕಡಿಮೆ ಕಾಣಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿಯೂ ಅದು ಕಡಿಮೆಯೇ, ಆದರೆ ಅವರ ಮಕ್ಕಳಲ್ಲಿ ಸ್ಪೈನಾ ಬೈಫಿಡಾದ ಸಾಧ್ಯತೆ ಮಾತ್ರ ಹೆಚ್ಚು. ಹೀಗಾಗಿ ರಕ್ತ ಕೊಡುವಾಗ ತುಂಬುವ ಫಾರಂನಲ್ಲಿ ತೂಕ, ಕೊನೆಯ ಮುಟ್ಟಿನ ದಿನ, ಮೊದಲ ಸ್ಕ್ಯಾನಿಂಗಿನಲ್ಲಿ ತಿಳಿದ ಭ್ರೂಣದ ಅಳತೆ, ಮಧುಮೇಹ, ಅವಳಿ ಎಂಬ ಅಂಕಣಗಳನ್ನು ಖಾಲಿ ಬಿಡಬಾರದು. ಅದನ್ನು ತುಂಬುವವರು ಅವಸರದಲ್ಲಿರುತ್ತಾರೆ, ತುಂಬಿಸುವವರಿಗೆ ಅದರ ಮಹತ್ವ ಗೊತ್ತಿರುವುದಿಲ್ಲ.

ಇನ್ನು ‘ಹೈ ರಿಸ್ಕ್’ ಎಂಬ ಮಾತಿನ ತೂಕ ಎಷ್ಟು? 1977ರಲ್ಲಿ ಪ್ರಕಟವಾದ ಬ್ರಿಟನ್ನಿನ ಬಹುಕೇಂದ್ರ ಅಧ್ಯಯನವೊಂದರಲ್ಲಿ, 16ರಿಂದ 18ನೇ ವಾರದ ನಡುವೆ 2.5 ಪಟ್ಟಿನ ಗಡಿಯನ್ನು ಇಟ್ಟುಕೊಂಡಾಗ, ತೆರೆದ ಸ್ಪೈನಾ ಬೈಫಿಡಾ ಇದ್ದ ಗರ್ಭಗಳಲ್ಲಿ ಶೇ. 79ರಷ್ಟೂ, ತಲೆಬುರುಡೆ ಮತ್ತು ಮಿದುಳು ಬೆಳೆಯದ ಅನೆನ್‌ಸೆಫಲಿಯಲ್ಲಿ ಶೇ. 88ರಷ್ಟೂ ಗಡಿ ದಾಟಿದ್ದವು. ಯಾವ ದೋಷವೂ ಇಲ್ಲದ ಒಂಟಿ ಗರ್ಭಗಳಲ್ಲಿಯೂ ಶೇ. 3ರಷ್ಟು ದಾಟಿದ್ದವು. ಈ ಕೊನೆಯ ಮೂರು ಸಣ್ಣ ಸಂಖ್ಯೆಯಂತೆ ಕೇಳಿಸುತ್ತದೆ. ಸಾವಿರಕ್ಕೆ ಒಂದು ಮಗುವಿಗೆ ತೆರೆದ ಸ್ಪೈನಾ ಬೈಫಿಡಾ ಇರುವ ಒಂದು ಜನಸಮುದಾಯವನ್ನು ಊಹಿಸಿಕೊಂಡು ಹತ್ತು ಸಾವಿರ ಗರ್ಭಿಣಿಯರಿಗೆ ಪರೀಕ್ಷೆ ಮಾಡಿದೆವೆಂದುಕೊಳ್ಳೋಣ. ದೋಷವಿರುವ ಹತ್ತರಲ್ಲಿ ಎಂಟು ಸಿಕ್ಕುತ್ತವೆ. ದೋಷವಿಲ್ಲದವರಲ್ಲಿ ಮುನ್ನೂರು ಮಂದಿಗೂ ಅದೇ ಕೆಂಪಕ್ಷರದ ವರದಿ ಹೋಗುತ್ತದೆ. ಅಂದರೆ ವರದಿ ಹಿಡಿದು ನಿದ್ದೆಗೆಟ್ಟ ಮುನ್ನೂರೆಂಟು ಮಂದಿಯಲ್ಲಿ ಮುನ್ನೂರು ಮಂದಿಯ ಮಕ್ಕಳ ಬೆನ್ನು ಸರಿಯಾಗಿಯೇ ಇದೆ; ಇನ್ನೊಂದು ಕಡೆ ಇಬ್ಬರಿಗೆ ‘ಲೋ ರಿಸ್ಕ್’ ಎಂಬ ವರದಿ ಹೋಗಿದ್ದು, ಅವರ ಮಕ್ಕಳಿಗೆ ದೋಷವಿದೆ. ಈ ಲೆಕ್ಕವನ್ನು ರಕ್ತ ತೆಗೆಯುವ ಮುನ್ನ ಐದು ನಿಮಿಷ ಕೂತು ವಿವರಿಸಿದರೆ ಯಾರಿಗೂ ಅರ್ಥವಾಗುತ್ತದೆ. ಅಷ್ಟು ಹೇಳುವುದು ವೈದ್ಯರ ಔದಾರ್ಯವಲ್ಲ, ಪರೀಕ್ಷೆಯ ಭಾಗ ಎಂದೇ ನಾನು ನಂಬಿದ್ದೇನೆ. ಎಣಿಕೆಯ ಈ ಮಾತು ಆತಂಕವನ್ನು ಇಲ್ಲವಾಗಿಸುವುದಿಲ್ಲ, ಆದರೆ ಆತಂಕಕ್ಕೆ ಒಂದು ಅಳತೆಯನ್ನಂತೂ ಕೊಡುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೂರನೇ ತಿಂಗಳಲ್ಲಿ ಮಾಡುವ ಡಬಲ್ ಮಾರ್ಕರ್ ಆಗಲಿ, ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ನೋಡುವ ಎನ್‌ಐಪಿಟಿ ಆಗಲಿ ಸ್ಪೈನಾ ಬೈಫಿಡಾವನ್ನು ಹುಡುಕುವುದಿಲ್ಲ. ಅವು ಡೌನ್ ಸಿಂಡ್ರೋಮ್‌ನಂಥ ವರ್ಣತಂತುಗಳ ವ್ಯತ್ಯಾಸಗಳಿಗಾಗಿ ಇರುವ ಪರೀಕ್ಷೆಗಳು. ‘ದುಬಾರಿಯ ಪರೀಕ್ಷೆಯೇ ಆಗಿದೆ, ಎಲ್ಲ ಸರಿ ಇದೆ ಎಂದು ಬಂದಿದೆ’ ಎಂದುಕೊಂಡು ಮಗುವಿನ ಅಂಗಾಂಗಗಳಲ್ಲಿ ದೋಷವಿದೆಯೇ ಎಂದು ನೋಡುವ ಐದನೇ ತಿಂಗಳ ಅನಾಮಲಿ ಸ್ಕ್ಯಾನನ್ನು ಬಿಟ್ಟುಬಿಡುವವರಿದ್ದಾರೆ. ಬಿಡಬಾರದು. ಇಂದು ಸ್ಪೈನಾ ಬೈಫಿಡಾವನ್ನು ನಿಜವಾಗಿ ಕಂಡುಹಿಡಿಯುವುದು ಮುಖ್ಯವಾಗಿ ಆ ಸ್ಕ್ಯಾನಿಂಗೇ; ಒಳ್ಳೆಯ ಯಂತ್ರ, ನುರಿತ ಕೈ ಇರುವಲ್ಲಿ ರಕ್ತಪರೀಕ್ಷೆಗಿಂತ ಅದೇ ಹೆಚ್ಚು ನಂಬಿಕೆಗೆ ಅರ್ಹ.

ತಂಗಿಯ ಸ್ಕ್ಯಾನಿಂಗಿನ ದಿನ ನಾನೂ ಒಳಗಿದ್ದೆ. ಬೆನ್ನನ್ನು ನೋಡುತ್ತಾರೆ ಎಂದುಕೊಂಡಿದ್ದರೆ ವೈದ್ಯೆ ಮೊದಲು ಬಹಳ ಹೊತ್ತು ನೋಡಿದ್ದು ತಲೆಯನ್ನು. ಪರದೆಯ ಮೇಲೆ ತಲೆಬುರುಡೆಯ ಅಡ್ಡಕೊಯ್ತ ಮೊಟ್ಟೆಯಾಕಾರದಲ್ಲಿ ಕಾಣಬೇಕಿತ್ತು. ಹಣೆಯ ಎರಡೂ ಪಕ್ಕದಲ್ಲಿ ಗೆರೆ ಸ್ವಲ್ಪ ಒಳಕ್ಕೆ ಸೇದಿಕೊಂಡು ಮುಂಭಾಗ ಚೂಪಾಗಿತ್ತು. ಆಕೆ ಪ್ರೋಬನ್ನು ತುಸು ಓರೆ ಮಾಡಿ ತಲೆಯ ಹಿಂಭಾಗಕ್ಕೆ ಬಂದರು. ಅಲ್ಲಿ ಕಿರುಮಿದುಳಿನ ಎರಡು ದುಂಡನೆಯ ಹಾಲೆಗಳು ಬೇರೆಬೇರೆಯಾಗಿ ಕಾಣುವ ಬದಲು ಒಂದೇ ಬಾಗಿದ ಪಟ್ಟಿಯಂತೆ ಮಿದುಳಿನ ಕಾಂಡವನ್ನು ಸುತ್ತಿ ಕೂತಿದ್ದವು, ಅವುಗಳ ಹಿಂದೆ ಇರಬೇಕಾದ ನೀರಿನ ಕಪ್ಪು ಜಾಗ ಇರಲೇ ಇಲ್ಲ. 1986ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕಿಪ್ರೋಸ್ ನಿಕೊಲೈಡಿಸ್ ಮತ್ತು ಸಂಗಡಿಗರು ವರ್ಣಿಸಿದ ಲೆಮನ್ ಸೈನ್ ಮತ್ತು ಬನಾನಾ ಸೈನ್ ಎಂಬ ಎರಡು ಗುರುತುಗಳಿವು ಎಂದು ನನಗೆ ಆಮೇಲೆ ಓದಿ ತಿಳಿಯಿತು. ಬೆನ್ನಿನ ತೆರಪಿನಿಂದ ಮಿದುಳುಬಳ್ಳಿಯ ದ್ರವ ಸೋರುವುದರಿಂದ ಮಿದುಳಿನ ಹಿಂಭಾಗ ಕೆಳಕ್ಕೆ, ಕತ್ತಿನತ್ತ ಜಾರುತ್ತದೆ. ಸೊಂಟದ ಕೆಳಗಿನ ದೋಷದ ಸುಳಿವು ತಲೆಯಲ್ಲಿ ಸಿಕ್ಕುವುದು ಹೀಗೆ. ಮಗು ಬೆನ್ನನ್ನು ಗರ್ಭಕೋಶದ ಗೋಡೆಗೆ ಒತ್ತಿಕೊಂಡು ಮಲಗಿದ್ದರೆ ಕೆಳಬೆನ್ನಿನ ಸಣ್ಣ ತೆರಪು ಕಣ್ಣುತಪ್ಪಿ ಹೋಗಬಹುದು, ತಲೆ ಮಾತ್ರ ಸಾಮಾನ್ಯವಾಗಿ ಕಾಣುತ್ತದೆ. ಹೀಗಾಗಿ ಆ ಇಬ್ಬಗೆಯ ಗುರುತುಗಳು ತಪಾಸಣೆಯ ದಿಕ್ಕನ್ನೇ ಬದಲಿಸಿದವು. ಲೆಮನ್ ಗುರುತೊಂದೇ ಇದ್ದರೆ ತೀರ್ಮಾನಕ್ಕೆ ಬರುವುದಿಲ್ಲ, ಅದು ಕೆಲವು ಆರೋಗ್ಯವಂತ ಮಕ್ಕಳಲ್ಲೂ ಕಾಣುತ್ತದೆ. ಕಿರುಮಿದುಳಿನ ಗುರುತು ಹೆಚ್ಚು ಗಟ್ಟಿಯಾದದ್ದು.

ವೈದ್ಯೆ ಮಾತಾಡದೆ ಅಳತೆಗಳನ್ನು ತೆಗೆದುಕೊಳ್ಳುತ್ತಿದ್ದರು. ‘ಅಕ್ಕಾ, ಏನಾದರೂ ಇದೆಯಾ?’ ಎಂದು ತಂಗಿ ನನ್ನನ್ನು ಕೇಳಿದಳು. ನಾನು ಉತ್ತರಿಸುವ ಮೊದಲೇ ವೈದ್ಯೆ ಕೈ ನಿಲ್ಲಿಸಿ, ಪರದೆಯನ್ನು ಅವಳ ಕಡೆಗೆ ತಿರುಗಿಸಿ, ‘ಇದೆಯಮ್ಮಾ. ಏನು ಕಾಣುತ್ತಿದೆ ಎಂದು ತೋರಿಸುತ್ತೇನೆ, ಆಮೇಲೆ ಇನ್ನೂ ಏನೇನು ನೋಡಬೇಕು ಎಂದು ಹೇಳುತ್ತೇನೆ’ ಎಂದರು. ಬೆನ್ನಿನ ಕೆಳಭಾಗದಲ್ಲಿ ಜೋಡಿ ಸಾಲಿನಂತೆ ಓಡುವ ಬಿಳಿ ಚುಕ್ಕೆಗಳು ಒಂದು ಕಡೆ ಅಗಲವಾಗಿ ಬಾಯಿಬಿಟ್ಟಿದ್ದವು, ಅದರ ಮೇಲೆ ತೆಳುಗೆರೆಯ ಒಂದು ಗುಳ್ಳೆ. ಆ ಕೋಣೆಯಲ್ಲಿ ಆಕೆ ಆಡಿದ ಮಾತುಗಳಲ್ಲಿ ಒಂದೂ ಅನವಶ್ಯಕವಾಗಿರಲಿಲ್ಲ. ಪ್ರತಿ ಸ್ಕ್ಯಾನಿಂಗ್ ಕೋಣೆಯಲ್ಲೂ ಅಂಥವರೇ ಇರಲಿ ಎಂದು ನಾನು ಇಂದಿಗೂ ಹಾರೈಸುತ್ತೇನೆ.

ಈ ದೋಷ ಉಂಟಾಗುವುದು ಬಹಳ ಬೇಗ. ಗರ್ಭಧಾರಣೆಯಾದ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನ ಮೇಲೆ ಹಾಸಿಕೊಂಡಿರುವ ಚಪ್ಪಟೆ ನರಪದರದ ಎರಡೂ ಅಂಚುಗಳು ಮೇಲೆದ್ದು, ಒಂದನ್ನೊಂದು ಕೂಡಿ, ನಾಳವಾಗಿ ಮುಚ್ಚಿಕೊಳ್ಳತೊಡಗುತ್ತವೆ; 28ನೇ ದಿನದ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಮೇಲ್ತುದಿ ಮುಚ್ಚದಿದ್ದರೆ ಅನೆನ್‌ಸೆಫಲಿ. ಆ ಮಗು ಬದುಕುಳಿಯಲಾರದು. ಕೆಳಗೆ ಎಲ್ಲಿಯಾದರೂ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ. ಅದರಲ್ಲಿಯೂ ನರಹುರಿಯೇ ಹೊರಗೆ ತೆರೆದುಕೊಂಡಿರುವ ಮೈಲೋಮೆನಿಂಗೊಸೀಲ್ ತೀವ್ರವಾದದ್ದು. ಚರ್ಮ ಮುಚ್ಚಿರುವ ಬಗೆಗಳಲ್ಲಿ ಪ್ರೋಟೀನು ಸೋರುವುದಿಲ್ಲ, ಹಾಗಾಗಿ ರಕ್ತಪರೀಕ್ಷೆಗೆ ಅವು ಸಿಗುವುದಿಲ್ಲ. ತಲೆಯ ಗುರುತುಗಳೂ ಸಾಮಾನ್ಯವಾಗಿ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಆಕಸ್ಮಿಕವಾಗಿ ಕಾಣುವ, ಬೆನ್ನುಮೂಳೆಯ ಒಂದೆರಡು ಕಶೇರುಗಳ ಹಿಂಭಾಗವಷ್ಟೇ ಕೂಡಿಕೊಳ್ಳದಿರುವ ಸ್ಪೈನಾ ಬೈಫಿಡಾ ಆಕಲ್ಟಾ ಎಂಬುದಂತೂ ಬಹಳ ಜನರಲ್ಲಿ ಇದ್ದು ತೊಂದರೆ ಕೊಡದೆ ಹೋಗುತ್ತದೆ. ಹೆಸರು ಒಂದೇ ಆಗಿರುವುದರಿಂದ ಎಷ್ಟೋ ಮಂದಿ ಸುಮ್ಮನೆ ಹೆದರುತ್ತಾರೆ, ಇಲ್ಲವೇ ‘ನನಗೂ ಇದೆಯಂತೆ, ಏನೂ ಆಗುವುದಿಲ್ಲ’ ಎಂದು ತಪ್ಪು ಧೈರ್ಯ ಹೇಳುತ್ತಾರೆ. ತಂಗಿಗೆ ಎರಡೂ ಬಗೆಯ ಮಾತುಗಳನ್ನು ಕೇಳಬೇಕಾಗಿ ಬಂದಿತು.

ಸ್ಕ್ಯಾನಿಂಗಿನಲ್ಲಿ ಕಂಡ ಮೇಲೆ ಮುಂದಿನ ಹೆಜ್ಜೆಗಳು ಬೇಗ ಬೇಗ ಬರುತ್ತವೆ. ಗರ್ಭಜಲವನ್ನು ತೆಗೆದು ಅದರಲ್ಲಿ ಪ್ರೋಟೀನಿನ ಜೊತೆಗೆ ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ, ನರಾಂಗಾಂಶದಿಂದ ಬರುವ ಕಿಣ್ವವನ್ನು ನೋಡಿದರೆ ತೆರೆದ ದೋಷವೇ ಹೌದೇ ಎಂಬುದು ಖಚಿತವಾಗುತ್ತದೆ. ಅದೇ ದ್ರವದಿಂದ ವರ್ಣತಂತುಗಳನ್ನೂ ಪರೀಕ್ಷಿಸಬಹುದು. ಭ್ರೂಣದ ಎಂಆರ್‌ಐ ಕೂಡ ಕೆಲವು ಕಡೆ ಮಾಡುತ್ತಾರೆ. ಎಲ್ಲದರಲ್ಲಿಯೂ ತಂದೆತಾಯಂದಿರು ಹುಡುಕುವುದು ಒಂದೇ ಉತ್ತರ: ಮಗು ನಡೆಯುತ್ತದೆಯೇ? ದೋಷವಿರುವ ಮಟ್ಟ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ತೆರಪು ಬೆನ್ನುಮೂಳೆಯ ಬುಡದ ತ್ರಿಕ ಎಂಬ ಮೂಳೆಯ ಹತ್ತಿರ, ಕೆಳಗೆ ಇದ್ದಷ್ಟೂ ಕಾಲಿನ ಸ್ನಾಯುಗಳು ಹೆಚ್ಚು ಉಳಿಯುತ್ತವೆ, ಪಾದಕ್ಕೆ ಆಧಾರ ಕೊಡುವ ಬ್ರೇಸ್ ಹಾಕಿಕೊಂಡು ನಡೆಯುವ ಸಾಧ್ಯತೆ ಹೆಚ್ಚು. ಸೊಂಟದ ಮೇಲ್ಭಾಗಕ್ಕೆ ಹೋದಷ್ಟೂ ಗಾಲಿಕುರ್ಚಿಯ ಅಗತ್ಯ ಹೆಚ್ಚು. ಆದರೆ ಪರದೆಯ ಮೇಲೆ ಕಂಡ ಮಟ್ಟಕ್ಕೂ ಹುಟ್ಟಿದ ಮೇಲೆ ಕಾಣುವ ಶಕ್ತಿಗೂ ವ್ಯತ್ಯಾಸವಿರಬಹುದು. ಮೂತ್ರಕೋಶ ಮತ್ತು ಕರುಳಿನ ಹಿಡಿತವಂತೂ ದೋಷ ಎಷ್ಟೇ ಕೆಳಗಿದ್ದರೂ ಬಹುಪಾಲು ಮಕ್ಕಳಲ್ಲಿ ಬಾಧಿತವಾಗುತ್ತದೆ. ಸಮಾಲೋಚನೆಯಲ್ಲಿ ನಡಿಗೆಯ ಬಗ್ಗೆ ಅರ್ಧ ಗಂಟೆ ಮಾತಾಡಿ ಮೂತ್ರಕೋಶದ ಬಗ್ಗೆ ಒಂದು ವಾಕ್ಯದಲ್ಲಿ ಮುಗಿಸುವುದನ್ನು ನಾನು ಕಂಡಿದ್ದೇನೆ. ದಿನನಿತ್ಯದ ಬದುಕಿನಲ್ಲಿ ಅದರ ಪ್ರಮಾಣ ತಿರುಗುಮುರುಗಾಗಿರುತ್ತದೆ. ಬುದ್ಧಿಶಕ್ತಿಯ ವಿಷಯದಲ್ಲಿ ಹೆಚ್ಚಿನ ಮಕ್ಕಳು ಸಾಮಾನ್ಯ ಮಟ್ಟದಲ್ಲಿಯೇ ಇರುತ್ತಾರೆ, ಗಮನ ಮತ್ತು ಲೆಕ್ಕದ ಕಲಿಕೆಯಲ್ಲಿ ಕೆಲವರಿಗೆ ತೊಡಕಿರುತ್ತದೆ. ಮಿದುಳಿನಲ್ಲಿ ನೀರು ತುಂಬಿದರೆ ಷಂಟ್ ಎಂಬ ಸಣ್ಣ ಕೊಳವೆಯನ್ನು ಇಟ್ಟು ಹೊಟ್ಟೆಗೆ ಹರಿಯಬಿಡುತ್ತಾರೆ, ಅದು ಕಟ್ಟಿಕೊಂಡರೆ ಮತ್ತೆ ಶಸ್ತ್ರಚಿಕಿತ್ಸೆ.

ಗರ್ಭದಲ್ಲಿರುವಾಗಲೇ ಬೆನ್ನನ್ನು ಮುಚ್ಚುವ ಶಸ್ತ್ರಚಿಕಿತ್ಸೆಯೂ ಇದೆ. ಅಮೆರಿಕದ ಮೂರು ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ, ಮಾಮ್ಸ್ ಎಂದು ಕರೆಯುವ ಪ್ರಯೋಗದಲ್ಲಿ, 26 ವಾರ ತುಂಬುವ ಮೊದಲೇ ಗರ್ಭದಲ್ಲಿ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಒಂದು ವರ್ಷದೊಳಗೆ ಷಂಟ್ ಬೇಕಾದವರು ಶೇ. 40, ಹುಟ್ಟಿದ ಮೇಲೆ ಮಾಡಿಸಿಕೊಂಡವರಲ್ಲಿ ಶೇ. 82. ಎರಡೂವರೆ ವರ್ಷಕ್ಕೆ ಬ್ರೇಸ್ ಇಲ್ಲದೆ ನಡೆಯುತ್ತಿದ್ದವರು ಕ್ರಮವಾಗಿ ಶೇ. 42 ಮತ್ತು 21. ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಇದಕ್ಕೆ ತೆರುವ ಬೆಲೆ ತಾಯಿಯ ಮೈಮೇಲೆ ಬೀಳುತ್ತದೆ: ಅವಧಿಗೆ ಮುಂಚಿನ ಹೆರಿಗೆ, ಗರ್ಭಕೋಶದ ಹೊಲಿಗೆ ತೆಳುವಾಗುವ ಅಪಾಯ, ಮುಂದಿನ ಪ್ರತಿ ಹೆರಿಗೆಯೂ ಸಿಸೇರಿಯನ್. ಈ ಚಿಕಿತ್ಸೆಗೆ ಅರ್ಹತೆ, ತಜ್ಞರ ತಂಡ, ತಲುಪುವ ದಾರಿ ಎಲ್ಲವೂ ಕೂಡಿಬರಬೇಕು. ತಪಾಸಣೆ ಇಪ್ಪತ್ತನೇ ವಾರದೊಳಗೆ ಮುಗಿಯಬೇಕೆಂದು ಒತ್ತಿ ಹೇಳಲು ಇದೂ ಒಂದು ಕಾರಣ. ತಡವಾದಷ್ಟೂ ಆಯ್ಕೆಗಳು ಕಡಿಮೆಯಾಗುತ್ತವೆ.

ಆಯ್ಕೆ ಎಂದೊಡನೆ ಗರ್ಭವನ್ನು ಮುಂದುವರಿಸುವುದೋ ಬೇಡವೋ ಎಂಬ ಪ್ರಶ್ನೆ ಬರುತ್ತದೆ, ಅದನ್ನು ಸುತ್ತಿ ಬಳಸಿ ಹೇಳುವುದು ನನಗೆ ಬೇಡ. ತಂಗಿ ಮತ್ತು ಅವಳ ಗಂಡ ಮುಂದುವರಿಸಿದರು. ಅದೇ ಕಾಲದಲ್ಲಿ ಪರಿಚಯವಾದ ಇನ್ನೊಂದು ದಂಪತಿ, ಅವರ ಮಗುವಿನ ದೋಷ ಇನ್ನೂ ಮೇಲಿತ್ತು, ಮಿದುಳಿನಲ್ಲಿ ನೀರು ಆಗಲೇ ಬಹಳ ತುಂಬಿತ್ತು, ನಿಲ್ಲಿಸುವ ನಿರ್ಧಾರ ಮಾಡಿದರು. ಎರಡೂ ಮನೆಗಳ ಸಂಕಟವನ್ನು ಹತ್ತಿರದಿಂದ ಕಂಡವಳಾಗಿ ಹೇಳುತ್ತೇನೆ, ಎರಡೂ ಪ್ರೀತಿಯಿಂದಲೇ ಆದ ನಿರ್ಧಾರಗಳು, ಹೊರಗಿನವರು ಅಳೆಯುವುದಕ್ಕೆ ಅಲ್ಲಿ ಏನೂ ಇಲ್ಲ. ನನ್ನ ತಕರಾರು ಇರುವುದು ನಿರ್ಧಾರಕ್ಕೆ ಮುಂಚಿನ ದಿನಗಳ ಬಗ್ಗೆ. ಹಿರಿಯರೊಬ್ಬರು ಸ್ಕ್ಯಾನಿಂಗಿನ ಮರುದಿನವೇ ‘ಏನು ಮಾಡಬೇಕೆಂದು ಇವತ್ತೇ ತೀರ್ಮಾನಿಸಿ’ ಎಂದರು. ಒಬ್ಬ ವೈದ್ಯರು ಮಗುವಿನ ಬದುಕನ್ನು ಆಗಲಾರದವುಗಳ ಪಟ್ಟಿಯಾಗಿ ಮಾತ್ರ ವಿವರಿಸಿದರು. ತಂಗಿಗೆ ನೆರವಾದವರು ಬೇರೆ: ಈ ಮಕ್ಕಳಿಗೆ ವರ್ಷಗಟ್ಟಲೆ ಚಿಕಿತ್ಸೆ ಕೊಡುತ್ತಾ ಬಂದಿದ್ದ ಮಕ್ಕಳ ನರಶಸ್ತ್ರಚಿಕಿತ್ಸಕರು, ಮತ್ತು ಸ್ಪೈನಾ ಬೈಫಿಡಾ ಇದ್ದೂ ಓದಿ, ದುಡಿಯುತ್ತಿದ್ದ ಒಬ್ಬ ಯುವತಿ. ಆ ಯುವತಿ ಯಾವ ಸಲಹೆಯನ್ನೂ ಕೊಡಲಿಲ್ಲ. ಕೇಳಿದ ಪ್ರಶ್ನೆಗಳಿಗೆ, ಮೂತ್ರ ಹೊರತೆಗೆಯುವ ಕ್ಯಾಥೆಟರ್ ಕೊಳವೆಯ ಬಗ್ಗೆ, ಷಂಟ್ ಕೆಟ್ಟ ರಾತ್ರಿಯ ಬಗ್ಗೆ, ಸ್ನೇಹಿತರ ಬಗ್ಗೆ, ಇದ್ದದ್ದನ್ನು ಇದ್ದಂತೆ ಹೇಳಿದಳು. ನಿರ್ಧಾರ ಯಾವುದೇ ಆಗಲಿ, ಅದಕ್ಕೆ ಮುನ್ನ ಇಂಥ ಇಬ್ಬರನ್ನು ಭೇಟಿ ಮಾಡಿಸುವುದು ತಪಾಸಣೆಯ ವ್ಯವಸ್ಥೆಯ ಭಾಗವೇ ಆಗಬೇಕು.

ಮುಂಚೆಯೇ ಗೊತ್ತಾಗಿದ್ದರಿಂದ ಹೆರಿಗೆ ಎಲ್ಲಿ, ಹೇಗೆ, ಯಾರ ಸಮ್ಮುಖದಲ್ಲಿ ಎಂಬುದೆಲ್ಲ ನಿಗದಿಯಾಗಿತ್ತು. ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ, ತೆರಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಸೋಂಕು ತಗಲುವ ಮೊದಲೇ ಒಂದೆರಡು ದಿನದೊಳಗೆ ಬೆನ್ನನ್ನು ಮುಚ್ಚಿದರು. ಮೊದಲ ದಿನದಿಂದಲೇ ಲ್ಯಾಟೆಕ್ಸ್ ಇಲ್ಲದ ಕೈಗವಸುಗಳನ್ನೇ ಬಳಸಿದರು, ಏಕೆಂದರೆ ಈ ಮಕ್ಕಳಿಗೆ ಲ್ಯಾಟೆಕ್ಸ್ ಅಲರ್ಜಿ ಬಹಳ ಸಾಮಾನ್ಯ. ನನ್ನ ತಂಗಿ ಮೊದಲು ಕಲಿತದ್ದು ದಿನಕ್ಕೆ ಹಲವು ಬಾರಿ ಶುಚಿಯಾದ ಕೈಯಿಂದ ತೆಳು ಕ್ಯಾಥೆಟರ್ ಹಾಕಿ ಮೂತ್ರಕೋಶವನ್ನು ಖಾಲಿ ಮಾಡುವುದನ್ನು. ಮಿಷಿಗನ್ನಿನ ಜಾಕ್ ಲ್ಯಾಪಿಡಿಸ್ ಎಂಬ ವೈದ್ಯರು 1972ರಲ್ಲಿ ಬಳಕೆಗೆ ತಂದ ಈ ಸರಳ ವಿಧಾನ ಎಷ್ಟು ಮಕ್ಕಳ ಮೂತ್ರಪಿಂಡಗಳನ್ನು ಉಳಿಸಿದೆಯೋ! ಸ್ಪೈನಾ ಬೈಫಿಡಾದ ಬಗ್ಗೆ ಮಾತಾಡುವಾಗ ಇದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೇ ನನ್ನ ಭಾವನೆ.

ಎಲ್ಲಕ್ಕಿಂತ ಮೊದಲು ಬರಬೇಕಾದ ಫೋಲಿಕ್ ಆಸಿಡ್ ಮಾತ್ರೆಯ ವಿಷಯ ನಮ್ಮ ಮನೆಯಲ್ಲಿ ಎಲ್ಲದರ ಕೊನೆಗೆ ಬಂದಿತು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಹಿಂದೆ ಇಂಥ ಗರ್ಭವಾಗಿದ್ದ ತಾಯಂದಿರು ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಂಡಾಗ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಮರುವರ್ಷ ಹಂಗೇರಿಯ ಎಂಡ್ರೆ ಸೀಜೆಲ್ ಅವರ ಅಧ್ಯಯನ, ಮೊದಲ ಬಾರಿಗೆ ಆಗುವುದನ್ನೂ ಹೀಗೆ ತಡೆಯಬಹುದೆಂದು ತೋರಿಸಿತು. ಎಲ್ಲ ದೋಷಗಳನ್ನೂ ಇದು ತಡೆಯುವುದಿಲ್ಲ, ಹಾಗಾಗಿ ಮಾತ್ರೆ ತಪ್ಪದೆ ನುಂಗಿದ ತಾಯಿಯ ಮಗುವಿಗೂ ಸ್ಪೈನಾ ಬೈಫಿಡಾ ಬರಬಹುದು. ‘ನೀನು ಮಾತ್ರೆ ತಗೊಳ್ಳಲಿಲ್ಲವಾ?’ ಎಂದು ಅಂಥ ತಾಯಿಯನ್ನು ಕೇಳುವುದು ಕ್ರೌರ್ಯ. ಆದರೆ ನಾಳ ಮುಚ್ಚಿಕೊಳ್ಳುವುದು ಮುಟ್ಟು ತಪ್ಪಿದ ಸುಮಾರು ಎರಡು ವಾರದೊಳಗೆ, ಎಷ್ಟೋ ಸಲ ಬಸಿರು ಗೊತ್ತಾಗುವ ಮೊದಲೇ, ಮುಗಿದಿರುವುದರಿಂದ, ಬಸಿರು ಖಚಿತವಾದ ಮೇಲೆ ಬರೆದುಕೊಡುವ ಮಾತ್ರೆ ಈ ದೋಷದ ಮಟ್ಟಿಗೆ ತಡವಾದದ್ದು. ಗರ್ಭ ಧರಿಸುವ ಸಾಧ್ಯತೆಯಿರುವವರು ಕನಿಷ್ಠ ಒಂದು ತಿಂಗಳು ಮುಂಚಿನಿಂದ ಹನ್ನೆರಡನೇ ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂಬುದು ಈಗಿನ ಸಾಮಾನ್ಯ ಸಲಹೆ. ಹಿಂದೆ ಇಂಥ ಗರ್ಭವಾಗಿದ್ದವರಿಗೆ ಅದರ ಹತ್ತು ಪಟ್ಟು ಬೇಕು, ಮಧುಮೇಹ ಮೊದಲಾದ ಕಾರಣಗಳಿರುವ ಇತರರಿಗೂ ವೈದ್ಯರು ಹೆಚ್ಚಿನ ಪ್ರಮಾಣವನ್ನು ಬರೆದುಕೊಡಬಹುದು. ಆ ಹತ್ತು ಪಟ್ಟನ್ನು ಮಲ್ಟಿವಿಟಮಿನ್ ಮಾತ್ರೆಗಳನ್ನು ಹೆಚ್ಚು ನುಂಗಿ ತುಂಬಿಸಿಕೊಳ್ಳಲು ಹೋಗಬಾರದು, ವಿಟಮಿನ್ ಎ ಅತಿಯಾಗಿ ಮಗುವಿಗೆ ಬೇರೆಯದೇ ಹಾನಿಯಾಗುತ್ತದೆ. ಫೋಲಿಕ್ ಆಸಿಡ್ಡನ್ನು ಬೇರೆಯಾಗಿಯೇ ಬರೆಸಿಕೊಳ್ಳಬೇಕು. ಅಪಸ್ಮಾರಕ್ಕೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವ ಹೆಣ್ಣುಮಕ್ಕಳು, ಆ ಔಷಧಿಯಿಂದ ಸ್ಪೈನಾ ಬೈಫಿಡಾದ ಅಪಾಯ ಹೆಚ್ಚುವುದರಿಂದ, ಮಗುವಿನ ಯೋಚನೆ ಬಂದಾಗಲೇ ತಮ್ಮ ನರರೋಗ ತಜ್ಞರನ್ನು ಕಂಡು ಔಷಧಿ ಬದಲಿಸಬಹುದೇ ಎಂದು ಕೇಳಬೇಕು, ತಾವಾಗಿಯೇ ನಿಲ್ಲಿಸಬಾರದು.